ದಿನಾ ಓಡಿಸೋ ಮಸ್ಟಾಂಗ್‌ಗೆ ಯಾವ ಸೂಪರ್‌ಚಾರ್ಜರ್?

[ಪರದೆ ಮೇಲೆ: ತೆರೆದ ಬಾನೆಟ್, ಒಳಗೆ 5.0 ಲೀಟರ್ ವಿ8]

ನಮಸ್ಕಾರ. ಅಮೆರಿಕದಲ್ಲಿರೋ ನಮ್ಮವರು ಫೋರ್ಡ್ ಮಸ್ಟಾಂಗ್ ಜಿಟಿ ತಗೊಂಡ ಮೇಲೆ ಒಂದಲ್ಲ ಒಂದು ದಿನ ಕೇಳೋ ಪ್ರಶ್ನೆ ಇದು: ಸೂಪರ್‌ಚಾರ್ಜರ್ ಹಾಕಿಸೋದಾದ್ರೆ ಯಾವುದು? 2018ರಿಂದ 2023ರವರೆಗಿನ ಜಿಟಿಯನ್ನೇ ಉದಾಹರಣೆಗೆ ತಗೊಳ್ಳೋಣ. ಕೊಯೋಟಿ ಅನ್ನೋ ಹೆಸರಿನ ವಿ8 ಇಂಜಿನ್, ಕಂಪನಿಯಿಂದ ಬರುವಾಗಲೇ 460 ಹಾರ್ಸ್‌ಪವರ್ (2022, 2023ರಲ್ಲಿ 450). ಬೆಳಗ್ಗೆ ಆಫೀಸು, ಸಂಜೆ ಮಕ್ಕಳ ಸ್ಕೂಲು, ಮಧ್ಯೆ ಟ್ರಾಫಿಕ್ಕು. ಅಂಥ ಗಾಡಿಗೆ.

ಎಲ್ಲರೂ ಮೊದಲು ನೋಡೋದು ಡೈನೋ ಶೀಟಿನ, ಅಂದ್ರೆ ಯಂತ್ರದಲ್ಲಿ ಪವರ್ ಅಳೆದ ವರದಿಯ, ತುದಿಯಲ್ಲಿರೋ ಸಂಖ್ಯೆ. 700, 750, 800. ಆ ಪವರ್ ಸಿಗೋದು 7000 ಆರ್‌ಪಿಎಂ ಆಸುಪಾಸಿನಲ್ಲಿ. ನಿಮ್ಮ ದಿನದ ಓಡಾಟ ಬಹುಪಾಲು 1500ರಿಂದ 3500ರ ಒಳಗೇ ಮುಗಿದುಹೋಗುತ್ತೆ. ಹಾಗಾಗಿ ನಾನು ಕೇಳೋದು ಎರಡೇ: ಆ ಆರ್‌ಪಿಎಂನಲ್ಲಿ ಇದು ಹೇಗೆ ನಡ್ಕೊಳ್ಳುತ್ತೆ, ಮತ್ತು ಬಿಸಿಲಲ್ಲಿ ನಿಂತು ನಿಂತು ಹೋಗುವಾಗ ಹೇಗೆ ನಡ್ಕೊಳ್ಳುತ್ತೆ?

[ಪರದೆ ಮೇಲೆ: ಮೂರು ಬಗೆಯ ಸೂಪರ್‌ಚಾರ್ಜರ್ ಪಕ್ಕಪಕ್ಕ]

ಕೆಲಸ ಮೂರಕ್ಕೂ ಒಂದೇ. ಇಂಜಿನ್ನಿನ ಬೆಲ್ಟಿನಿಂದಲೇ ತಿರುಗಿ, ಸಿಲಿಂಡರ್ ತಾನಾಗಿ ಎಳೆದುಕೊಳ್ಳೋದಕ್ಕಿಂತ ಹೆಚ್ಚು ಗಾಳಿ ಒಳಗೆ ತಳ್ಳೋದು. ಗಾಳಿ ಹೆಚ್ಚಾದ್ರೆ ಅದಕ್ಕೆ ತಕ್ಕ ಪೆಟ್ರೋಲ್, ಅದಕ್ಕೆ ತಕ್ಕ ಪವರ್.

ಮೊದಲನೇದು ರೂಟ್ಸ್. ಇಂಡಿಯಾನಾದ ಕಾನರ್ಸ್‌ವಿಲ್‌ನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ತಗೊಂಡ ಬ್ಲೋವರ್ ಇದರ ಮೂಲ. ಈಗ ಬಳಕೆಯಲ್ಲಿರೋದು ಈಟನ್ ಕಂಪನಿಯ ಟಿವಿಎಸ್: ನಾಲ್ಕು ಹಲ್ಲಿನ ಎರಡು ರೋಟರ್, ಒಂದೊಂದೂ 160ರಿಂದ 170 ಡಿಗ್ರಿ ತಿರುಚಿಕೊಂಡಿರುತ್ತೆ. ಇದರ ಆರ್2650 ಮಾದರಿ ಒಂದು ಸುತ್ತಿಗೆ 2.65 ಲೀಟರ್ ಗಾಳಿ ತಳ್ಳುತ್ತೆ. ನಿಮ್ಮ ಇಂಜಿನ್ ಒಂದು ಸುತ್ತಿಗೆ ಎಳೆದುಕೊಳ್ಳೋದು 2.5 ಲೀಟರ್. ಅದೂ ಅಲ್ಲದೆ ಸೂಪರ್‌ಚಾರ್ಜರ್ ತಿರುಗೋದು ಇಂಜಿನ್ನಿಗಿಂತ ಜೋರಾಗಿ. ಹಾಗಾಗಿ 2000 ಆರ್‌ಪಿಎಂನಲ್ಲೇ ಪೆಡಲ್ ಒತ್ತಿದ ಕೂಡಲೇ ಬೂಸ್ಟ್, ಅಂದ್ರೆ ಹೆಚ್ಚುವರಿ ಗಾಳಿಯ ಒತ್ತಡ, ಬಂದುಬಿಡುತ್ತೆ. 2020ರ ಶೆಲ್ಬಿ ಜಿಟಿ500ರಲ್ಲಿ ಫೋರ್ಡ್ ಕಂಪನಿಯೇ ಕೂರಿಸಿ, 760 ಹಾರ್ಸ್‌ಪವರ್ ತೆಗೆದಿದ್ದು ಇದೇ ಆರ್2650 ಇಟ್ಟುಕೊಂಡು.

ಎರಡನೇದು ಟ್ವಿನ್ ಸ್ಕ್ರೂ. ವಿಪ್ಪಲ್‌ನ 3.0 ಲೀಟರ್ ಕಿಟ್ ಈ ಜಾತಿಯದು. ಗಾಳಿಯನ್ನು ರೋಟರ್‌ಗಳ ನಡುವೆಯೇ ಹಿಂಡಿ ಕಳಿಸೋದ್ರಿಂದ ಬೂಸ್ಟ್ ಹೆಚ್ಚಿದಷ್ಟೂ ಇದರ ದಕ್ಷತೆ ಎದ್ದು ಕಾಣುತ್ತೆ. ಮುಂದೆ ಇನ್ನೂ ದೊಡ್ಡ ಪವರ್ ಕಡೆ ಹೋಗೋ ಮನಸ್ಸಿದ್ರೆ ಇದು ಸರಿ. ಆಫೀಸಿಗೆ ಹೋಗೋ ಗಾಡಿಯಲ್ಲಿ ಆ ವ್ಯತ್ಯಾಸ ನಿಮಗೆ ಗೊತ್ತಾಗೋದೇ ಕಷ್ಟ.

ಮೂರನೇದು ಸೆಂಟ್ರಿಫ್ಯೂಗಲ್: ಪ್ರೋಚಾರ್ಜರ್, ವೋರ್ಟೆಕ್. ನೋಡೋಕೆ ಟರ್ಬೋ ಥರಾನೇ, ಆದರೆ ಬೆಲ್ಟಿನಿಂದ ತಿರುಗುತ್ತೆ. ಇದರ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 7000 ಆರ್‌ಪಿಎಂನಲ್ಲಿ 10 ಪಿಎಸ್‌ಐ ಕೊಟ್ಟರೆ 3500ರಲ್ಲಿ ಸಿಗೋದು ಐದಲ್ಲ, ಸುಮಾರು ಎರಡೂವರೆ. ಅಂದ್ರೆ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಹೋಗುವಾಗ ಗಾಡಿ ಮೊದಲಿನ ಹಾಗೇ ಇರುತ್ತೆ.

ಇದನ್ನು ದೋಷ ಅಂತ ತಿಳ್ಕೊಬೇಡಿ. ಮಳೆ ನೆಂದ ರಸ್ತೆಯಲ್ಲಿ, ಹಿಂದಿನ ಎರಡೇ ಚಕ್ರಕ್ಕೆ ಪವರ್ ಹೋಗೋ ಗಾಡಿಯಲ್ಲಿ, ಕೆಳಗಿನ ಆರ್‌ಪಿಎಂನಲ್ಲೇ ಏಕಾಏಕಿ ಟಾರ್ಕ್ (ಚಕ್ರ ತಿರುಗಿಸೋ ಬಲ) ಸಿಗದೇ ಇರೋದು ಟೈರಿಗೂ ಕ್ಲಚ್ಚಿಗೂ ಒಳ್ಳೇದೇ. ಮ್ಯಾನುಯಲ್ ಗೇರಿನ ಗಾಡಿ ಇರೋರು ಇದನ್ನು ಗಂಭೀರವಾಗಿ ಯೋಚಿಸಿ.

[ಪರದೆ ಮೇಲೆ: ತಾಪಮಾನದ ಲೆಕ್ಕ]

ಈಗ ಬಿಸಿ. ನನ್ನ ಪ್ರಕಾರ ಅರ್ಧ ತೀರ್ಮಾನ ಇಲ್ಲೇ ಆಗ್ಬೇಕು. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ 14.7 ಪಿಎಸ್‌ಐ. ಅದಕ್ಕೆ 8 ಪಿಎಸ್‌ಐ ಬೂಸ್ಟ್ ಸೇರಿಸಿದ್ರೆ 22.7, ಅಂದ್ರೆ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಹೊರಗೆ 30 ಡಿಗ್ರಿ ಇರೋ ಗಾಳಿಯನ್ನು ಇಷ್ಟು ಹಿಂಡಿದ್ರೆ, ಸೂಪರ್‌ಚಾರ್ಜರಿನ ದಕ್ಷತೆ ಶೇ. 65 ಅಂತ ಹಿಡಿದ್ರೂ, ಆಚೆ ಬರೋ ಗಾಳಿ ಸುಮಾರು 90 ಡಿಗ್ರಿ. ಈ ಇಂಜಿನ್ನಿನ ಕಂಪ್ರೆಷನ್ ರೇಶಿಯೋ, ಅಂದ್ರೆ ಸಿಲಿಂಡರ್ ಗಾಳಿಯನ್ನು ಹಿಂಡೋ ಪ್ರಮಾಣ, ಮೊದಲೇ 12:1. ಅಷ್ಟು ಬಿಸಿ ಗಾಳಿ ನೇರ ಒಳಗೆ ಹೋದ್ರೆ ನಾಕಿಂಗ್ ಶುರು, ಅಂದ್ರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನೇ ಹೊತ್ತಿಕೊಳ್ಳೋದು. ಅದನ್ನು ತಡೆಯೋಕೆ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಎಳೆಯುತ್ತೆ, ನೀವು ದುಡ್ಡು ಕೊಟ್ಟು ತಂದ ಪವರ್ ಅಲ್ಲೇ ಕರಗುತ್ತೆ.

ರೂಟ್ಸ್ ಮತ್ತು ಟ್ವಿನ್ ಸ್ಕ್ರೂ ಎರಡೂ ಕೂರೋದು ಇಂಜಿನ್ನಿನ ನೆತ್ತಿ ಮೇಲೆ, ವಿ ಆಕಾರದ ಸಂದಿಯಲ್ಲಿ. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತ್ರೆ ಅದರ ಲೋಹವೆಲ್ಲ ಕಾದುಬಿಡುತ್ತೆ. ಆದ್ದರಿಂದ ಕಿಟ್ ಕೊಳ್ಳುವಾಗ ರೋಟರ್ ಎಷ್ಟು ಲೀಟರ್ ಅಂತ ಕೇಳೋ ಮುಂಚೆ ಇಂಟರ್‌ಕೂಲರ್ (ಬಿಸಿ ಗಾಳಿಯನ್ನು ನೀರಿನಿಂದ ತಂಪು ಮಾಡೋ ಭಾಗ) ಎಷ್ಟು ದೊಡ್ಡದು, ಆ ನೀರನ್ನು ತಂಪು ಮಾಡೋ ಮುಂದಿನ ಹೀಟ್ ಎಕ್ಸ್‌ಚೇಂಜರಿಗೆ ಫ್ಯಾನ್ ಇದೆಯಾ ಅಂತ ಕೇಳಿ. ಸೆಂಟ್ರಿಫ್ಯೂಗಲ್ ಇಂಜಿನ್ನಿನ ಮುಂಭಾಗದಲ್ಲಿ ಪಕ್ಕಕ್ಕೆ ಕೂರೋದ್ರಿಂದ ಈ ಕಾಟ ಅದಕ್ಕೆ ಕಡಿಮೆ.

ಪೆಟ್ರೋಲ್ ವಿಷಯ. ಟೆಕ್ಸಸ್‌ನಲ್ಲಿ ಬಂಕಿನಲ್ಲೇ 93 ಆಕ್ಟೇನ್ (ನಾಕಿಂಗ್ ತಡೆಯೋ ಗುಣದ ಅಂಕಿ) ಸಿಗುತ್ತೆ, ಕ್ಯಾಲಿಫೋರ್ನಿಯಾದಲ್ಲಿ ಪ್ರೀಮಿಯಂ ಅಂದ್ರೇನೇ 91. ಟ್ಯೂನ್ (ಇಸಿಯು ಒಳಗಿನ ಸೆಟ್ಟಿಂಗ್) ಯಾವುದಕ್ಕೆ ಮಾಡಿದ್ದು ಅಂತ ಕೇಳದೆ ಕಿಟ್ ತಗೋಬೇಡಿ. ಕ್ಯಾಲಿಫೋರ್ನಿಯಾದಲ್ಲಿರೋರು ಇನ್ನೊಂದು ನೋಡ್ಬೇಕು: ಅಲ್ಲಿನ ಏರ್ ರಿಸೋರ್ಸಸ್ ಬೋರ್ಡ್ ಕೊಡೋ ಎಕ್ಸಿಕ್ಯೂಟಿವ್ ಆರ್ಡರ್ ಸಂಖ್ಯೆ, ಅದೂ ನಿಮ್ಮ ಗಾಡಿಯ ವರ್ಷಕ್ಕೇ. ಅದಿಲ್ಲದಿದ್ರೆ ಹೊಗೆ ತಪಾಸಣೆ, ಅಂದ್ರೆ ಸ್ಮಾಗ್ ಚೆಕ್, ಪಾಸಾಗಲ್ಲ. ಊರಿಂದ ನೋಡ್ತಿರೋರಿಗೂ ಒಂದು ಮಾತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ.

ಕಿಟ್ ಬೆಲೆ ಜೊತೆ ಇನ್ನಷ್ಟು ಖರ್ಚು ಎತ್ತಿಡಿ. ಒಂದು ಹಂತ ತಂಪಾದ ಸ್ಪಾರ್ಕ್ ಪ್ಲಗ್, ಒಳ್ಳೆ ಹಿಂದಿನ ಟೈರು. ಕೊಯೋಟಿಯ ಆಯಿಲ್ ಪಂಪ್ ಗೇರ್ ಲೋಹದ ಪುಡಿ ಒತ್ತಿ ಮಾಡಿದ್ದು. ಬೂಸ್ಟ್ ಹಾಕಿ ಮತ್ತೆ ಮತ್ತೆ ರೆವ್ ಲಿಮಿಟರಿಗೆ (ಆರ್‌ಪಿಎಂನ ಕೊನೆ ಮಿತಿಗೆ) ಬಡಿಸೋರು ಅದನ್ನು ಬಿಲ್ಲೆಟ್ ಉಕ್ಕಿನದಕ್ಕೆ ಬದಲಾಯಿಸ್ತಾರೆ. ನೀವು ಹಾಗೆ ಓಡಿಸಲ್ಲ ಅಂದ್ರೆ ಆಮೇಲೂ ಮಾಡಿಸಬಹುದು.

ನನ್ನ ಆಯ್ಕೆ ಕೇಳಿದ್ರೆ: 10 ಗೇರಿನ ಆಟೋಮ್ಯಾಟಿಕ್ ಇದ್ದು, ಕಂಪನಿ ವಾರಂಟಿ ಬಗ್ಗೆ ಚಿಂತೆ ಇರೋರಿಗೆ ಟಿವಿಎಸ್ ಆರ್2650 ಇರೋ ಕಿಟ್, ಅದರ ಜೊತೆಗೇ ಬರೋ ಪುಲ್ಲಿ (ಬೆಲ್ಟ್ ಸುತ್ತೋ ಚಕ್ರ), ಕಿಟ್ ಮಾಡಿದವರದೇ ಟ್ಯೂನ್, ಅವರದೇ ಲಿಖಿತ ವಾರಂಟಿ. ಪುಲ್ಲಿ ಚಿಕ್ಕದು ಮಾಡಿ ಬೂಸ್ಟ್ ಏರಿಸೋ ಆಸೆಗೆ ಬೀಳಬೇಡಿ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಬೂಸ್ಟ್ ಬೇಡದಾಗ ಗಾಳಿಯನ್ನು ಬೇರೆ ದಾರಿಗೆ ಬಿಡೋ ಬೈಪಾಸ್ ವಾಲ್ವ್ ತೆರೆದುಕೊಂಡು ರೋಟರ್ ಹೆಚ್ಚು ಶ್ರಮ ಇಲ್ಲದೆ ತಿರುಗ್ತಾ ಇರುತ್ತೆ, ಮೈಲೇಜ್ ಅಂಥಾ ಏನೂ ಬೀಳಲ್ಲ.

[ಪರದೆ ಮೇಲೆ: ಇಂಟರ್‌ಕೂಲರಿನ ನೀರಿನ ಟ್ಯಾಂಕ್, ಹತ್ತಿರದಿಂದ]

ಗ್ಯಾರೇಜಿಂದ ಗಾಡಿ ಬಿಡಿಸಿಕೊಳ್ಳುವಾಗ ಇದೊಂದು ಮಾಡಿ. ಇಂಜಿನ್ ತಣ್ಣಗಿರುವಾಗ ಇಂಟರ್‌ಕೂಲರ್ ಟ್ಯಾಂಕಿನ ಮುಚ್ಚಳ ತೆಗೆಸಿ, ಪಂಪ್ ಓಡಿಸೋಕೆ ಹೇಳಿ, ಒಳಗೆ ಇಣುಕಿ ನೋಡಿ. ನೀರು ಸುಳಿ ಸುಳಿಯಾಗಿ ತಿರುಗ್ತಾ ಇರ್ಬೇಕು. ಗುಳ್ಳೆ ಬರ್ತಾನೇ ಇದ್ರೆ ಪೈಪಿನಲ್ಲಿ ಗಾಳಿ ಉಳಿದಿದೆ ಅಂತ ಅರ್ಥ. ನೀರು ಅಲ್ಲಾಡದೇ ನಿಂತಿದ್ರೆ ಪಂಪೇ ಕೆಲಸ ಮಾಡ್ತಿಲ್ಲ. ಎರಡರಲ್ಲಿ ಯಾವುದೇ ಕಂಡ್ರೂ ಅಲ್ಲೇ ಸರಿ ಮಾಡಿಸಿ, ಆಮೇಲೆ ಬಿಲ್ ಕೊಟ್ಟು ಗಾಡಿ ತಗೊಂಡು ಹೊರಡಿ.