ಬಹಾಸಾ ಅಂದರೆ ಬರೀ ಭಾಷೆ ಅಲ್ಲ

‘ಜಕಾರ್ತಾದಲ್ಲಿ ಬಹಾಸಾ ಮಾತಾಡ್ತಾರೆ’ ಅಂತ ಎಷ್ಟೋ ಜನ ಹೇಳೋದು ಕೇಳಿರ್ತೀರಿ. ‘ಜಕಾರ್ತಾದಲ್ಲಿ ಭಾಷೆ ಮಾತಾಡ್ತಾರೆ’ ಅಂದ ಹಾಗಾಯ್ತು ಅದು! ಯಾವ ಭಾಷೆ ಅನ್ನೋದು ಬರಲೇ ಇಲ್ಲ. ಆ ದೇಶದ್ದು ಬಹಾಸಾ ಇಂಡೋನೇಷ್ಯಾ, ಇಂಗ್ಲಿಷ್ ಅವರಿಗೆ ಬಹಾಸಾ ಇಂಗ್ರಿಸ್, ನಮ್ಮದು ಬಹಾಸಾ ಕನ್ನಡ.

ಪದ ಸಂಸ್ಕೃತದ ‘ಭಾಷಾ’ನೇ. ಆದರೆ ಮಲಯ್‌ನಲ್ಲಿ (ಬಹಾಸಾ ಇಂಡೋನೇಷ್ಯಾ ಅದರದೇ ಒಂದು ರೂಪ) ಮಹಾಪ್ರಾಣ ಇಲ್ಲ. ‘ಭ’ ಸಿಕ್ಕಾಗ ಅದನ್ನು ಬ, ಹ ಅಂತ ಬಿಡಿಸಿ ನಡುವೆ ‘ಅ’ ಸೇರಿಸಿಕೊಂಡರು. ‘ಷ’ ಹೋಗಿ ‘ಸ’ ಆಯ್ತು. ಹೀಗೇ ಭಯ ‘ಬಹಾಯಾ’ ಆಗಿದೆ, ಅರ್ಥ ಅಪಾಯ. ಭಾಗ್ಯ ‘ಬಹಾಗಿಯಾ’ ಆಗಿದೆ, ಅರ್ಥ ಸುಖ. ಜಾವಾದವರು ಇಷ್ಟು ತೊಂದರೆ ತಗೊಳ್ಳಲಿಲ್ಲ, ಹಕಾರ ಬಿಟ್ಟೇಬಿಟ್ಟರು: ಬರೆಯೋದು ‘ಬಾಸಾ’, ಬಾಯಲ್ಲಿ ‘ಬೊಸೊ’. ನಮ್ಮ ಹಳಗನ್ನಡದ ‘ಬಾಸೆ’ ಕೂಡ ಇದೇ ದಾರೀಲಿ ಬಂದದ್ದು.

ಅರ್ಥ ಮಾತ್ರ ಬೇರೆ ಬೇರೆ ಕಡೆ ಹರಡಿದೆ. ನಮ್ಮಲ್ಲಿ ಭಾಷೆ ಅಂದರೆ ಆಣೆಯೂ ಹೌದು, ‘ಭಾಷೆ ಕೊಟ್ಟ’ ಅಂತೀವಲ್ಲ. ಮಲಯ್‌ನಲ್ಲಿ ಅದು ನಡತೆ. ‘ತಾಹು’ ಅಂದರೆ ತಿಳಿದಿರೋದು. ‘ತಾಹು ಬಹಾಸಾ’ ಅಂದರೆ ಮರ್ಯಾದೆ ಬಲ್ಲವ. ‘ಬಾಸಾ-ಬಾಸಿ’ ಅಂದರೆ ಊಟ ಆಯ್ತಾ, ಎಲ್ಲಿಗೆ ಹೊರಟ್ರಿ ಅನ್ನೋ ಉಪಚಾರದ ಮಾತು. ‘ಬಹಾಸಾ ಮೆನುಂಜುಕ್ಕನ್ ಬಂಗ್ಸಾ’ ಅಂತ ಒಂದು ಗಾದೆ ಇದೆ. ಬಂಗ್ಸಾ ನಮ್ಮ ವಂಶ. ಮಾತು ವಂಶ ತೋರಿಸುತ್ತೆ ಅಂತ. ನಮ್ಮ ‘ಕುಲವನ್ನು ನಾಲಿಗೆ ಹೇಳಿತು’ ಗಾದೇನ ಪಕ್ಕದಲ್ಲಿಟ್ಟು ನೋಡಿ!

ಆಣೆಗೆ ಅವರ ಪದ ‘ಸುಂಪಾ’. 1928ರ ಅಕ್ಟೋಬರ್ 28ರಂದು ಬಟಾವಿಯಾದಲ್ಲಿ, ಅಂದರೆ ಇವತ್ತಿನ ಜಕಾರ್ತಾದಲ್ಲಿ, ಯುವಕರು ತೊಟ್ಟ ‘ಸುಂಪಾ ಪೆಮುಡಾ’ದ ಮೂರನೇ ಮಾತೇ ಒಗ್ಗಟ್ಟಿನ ಭಾಷೆ ಬಹಾಸಾ ಇಂಡೋನೇಷ್ಯಾ ಅನ್ನೋದು. ಭಾಷೆಗಾಗಿ ಕೊಟ್ಟ ಭಾಷೆ.

ಕಲಿಯುವವರು ಎಡವೋದು ಎರಡು ಕಡೆ. ಫಿಲಿಪೀನ್ಸ್‌ನ ಟಗಾಲೋಗ್‌ನಲ್ಲಿ ‘ಬಾಸಾ’ ಅಂದರೆ ಓದು. ಅದು ಭಾಷಾ ಅಲ್ಲ, ಮಲಯ್‌ನ ‘ಬಾಚಾ’. ಮೂಲ ಸಂಸ್ಕೃತದ ‘ವಾಚಾ’. ಟಗಾಲೋಗ್‌ನಲ್ಲೇ ‘ಬಾಸಾ’ದ ಕೊನೆಯನ್ನು ಒತ್ತಿ, ಗಂಟಲಲ್ಲಿ ತಡೆದು ಹೇಳಿದರೆ ‘ಒದ್ದೆ’ ಅಂತ ಅರ್ಥ.

ಎರಡನೆಯದು ಇಂಡೋನೇಷ್ಯನ್ ಪತ್ರಿಕೆ ಓದುವಾಗ. ‘ಪೆಂಬಹಾಸನ್’ ಅಂತ ಕಂಡರೆ ನಿಘಂಟಿನಲ್ಲಿ ಬಹಾಸಾ ಕೆಳಗೆ ಹುಡುಕಬೇಡಿ. ಅದರ ಧಾತು ‘ಬಹಾಸ್’, ಚರ್ಚೆ ಅಂತ. ಅರಬ್ಬಿಯಿಂದ ಬಂದದ್ದು, ಹಿಂದಿಯ ‘ಬಹಸ್’ ಕೂಡ ಅದೇ. ರೋಮನ್ ಲಿಪಿಯಲ್ಲಿ ‘ಎಸ್’ಗೂ ಕೊನೆಯ ‘ಎನ್’ಗೂ ನಡುವೆ ‘ಎ’ ಎಷ್ಟಿದೆ ಎಣಿಸಿ. ಒಂದಿದ್ದರೆ ಚರ್ಚೆ. ಎರಡಿದ್ದರೆ ಮಾತ್ರ ಭಾಷೆ.