ಮಾತಿಗೂ ಒಂದು ಒಕ್ಕೂಟ

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ‘ಕೂ’ ಆಪ್‌ನಲ್ಲಿ ಬರೆದವರು ಎಷ್ಟು ಜನ? ಕೈ ಎತ್ತಿ ನೋಡೋಣ. ಸಂಕೋಚ ಬೇಡ, ನಾನೂ ಎತ್ತಿದ್ದೇನೆ. ಸರಿ, ಆಗ ಬರೆದದ್ದನ್ನು ಈಗ ತೆಗೆದು ತೋರಿಸಬಲ್ಲವರು ಎಷ್ಟು ಜನ?

ಕೈಗಳೆಲ್ಲ ಇಳಿದವು. ಅಲ್ಲಿಂದಲೇ ಶುರು ಮಾಡೋಣ.

ಟ್ವಿಟರ್‌ನಂತೆ ಚುಟುಕು ಮಾತು ಹಂಚಿಕೊಳ್ಳುವ ಜಾಲವಾಗಿದ್ದ ಕೂ ಬೆಂಗಳೂರಿನ ಕೂಸು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಕಟ್ಟಿದ್ದು. 2020ರಲ್ಲಿ ಅದು ಮೊದಲು ಬಾಯಿಬಿಟ್ಟದ್ದೇ ಕನ್ನಡದಲ್ಲಿ, ಬೇರೆ ಭಾಷೆಗಳು ಆಮೇಲೆ ಬಂದವು. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆಪ್ ಸ್ಪರ್ಧೆಯಲ್ಲಿ ಬಹುಮಾನ ಬಂತು. ಮಂತ್ರಿಗಳು ಬಂದರು, ಸಿನಿಮಾದವರು ಬಂದರು, 2022ರ ಕೊನೆಗೆ ಬ್ರೆಜಿಲಿನವರೂ ಮುಗಿಬಿದ್ದರು. ಪೋರ್ಚುಗೀಸ್ ಕಿವಿಗೆ ಆ ಹೆಸರು ಏನಾಗಿ ಕೇಳುತ್ತದೆ ಎಂದು ಹಿರಿಯರ ಮುಂದೆ ನಾನು ಹೇಳಲಾರೆ. 2024ರ ಜುಲೈನಲ್ಲಿ, ದೊಡ್ಡ ಕಂಪನಿಗಳ ಜೊತೆ ನಡೆದ ಮಾತುಕತೆ ಕೈಗೂಡದೆ, ಸ್ಥಾಪಕರು ಅಂಗಡಿ ಮುಚ್ಚುತ್ತಿದ್ದೇವೆ ಎಂದರು.

ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಕನ್ನಡವನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದವರು ಅವರು. ಆದರೆ ನೋಡಿ, ಕಂಪನಿ ನಮ್ಮೂರಿನದು, ಭಾಷೆ ನಮ್ಮದು, ಆದರೂ ಕೊನೆಗೆ ಆದದ್ದು 2014ರಲ್ಲಿ ಆರ್ಕುಟ್‌ಗೆ, 2019ರಲ್ಲಿ ಗೂಗಲ್ ಪ್ಲಸ್‌ಗೆ ಆದದ್ದೇ. ಬೀಗದ ಕೈ ಒಬ್ಬರ ಸೊಂಟದಲ್ಲೇ ಇದ್ದರೆ, ಅವರು ಜಯನಗರದವರೋ ಕ್ಯಾಲಿಫೋರ್ನಿಯಾದವರೋ, ನಮಗೇನು ವ್ಯತ್ಯಾಸ?

ಬೀಗದ ಕೈ ಹಂಚಿಕೊಳ್ಳಬಹುದು. ಜಿಮೇಲ್‌ನಿಂದ ಯಾಹೂಗೆ ಪತ್ರ ಹೋಗುತ್ತದಲ್ಲ, ಯಾರಾದರೂ ಆಶ್ಚರ್ಯಪಡುತ್ತೀರಾ? ಮೇಲ್ ಹೇಗೆ ಸಾಗಬೇಕು ಎಂಬ ನಿಯಮ 1982ರಿಂದಲೂ ಎಲ್ಲರೂ ಓದಬಹುದಾದ ದಾಖಲೆ. ಸಾಮಾಜಿಕ ಜಾಲಕ್ಕೂ ಅಂಥ ನಿಯಮವಿದೆ. ಹೆಸರು ಆಕ್ಟಿವಿಟಿಪಬ್. 2018ರ ಜನವರಿಯಲ್ಲಿ ವೆಬ್‌ನ ಮಾನಕಗಳನ್ನು ಗೊತ್ತುಮಾಡುವ ಡಬ್ಲ್ಯೂ3ಸಿ ಅದಕ್ಕೆ ಮುದ್ರೆ ಒತ್ತಿತು. ಜರ್ಮನಿಯ ಯೂಜೆನ್ ರೋಚ್ಕೊ 2016ರಲ್ಲಿ ಶುರು ಮಾಡಿದ ಮಾಸ್ಟೊಡಾನ್, ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಸೇರಿದ ಟ್ವಿಟರ್ ಮಾದರಿಯ ಜಾಲ, ಇದೇ ನಿಯಮದಲ್ಲಿ ಮಾತಾಡುತ್ತದೆ.

ಒಳಗೆ ಏನಾಗುತ್ತದೆ ಎಂದು ಹೇಳುತ್ತೇನೆ, ಕಷ್ಟವೇನಿಲ್ಲ. ನಲವತ್ತು ಜನರ ಒಂದು ಚಿಕ್ಕ ಸರ್ವರನ್ನು, ಅಂದರೆ ಅವರ ಖಾತೆ, ಪೋಸ್ಟುಗಳನ್ನು ಇಟ್ಟುಕೊಂಡಿರುವ ಕಂಪ್ಯೂಟರನ್ನು, ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ‘ತೀರ್ಥಹಳ್ಳಿಯಲ್ಲಿ ಮಳೆ ಹಿಡಿದಿದೆ’ ಅಂತ ಒಂದು ಸಾಲು ಬರೆದೆ ಅನ್ನಿ. ನನ್ನನ್ನು ಫಾಲೋ ಮಾಡುವವರು ಬೇರೆ ಬೇರೆ ಒಂಬತ್ತು ಸರ್ವರ್‌ಗಳಲ್ಲಿದ್ದಾರೆ. ನನ್ನ ಸರ್ವರ್ ಆ ಸಾಲಿಗೆ ಡಿಜಿಟಲ್ ರುಜು ಹಾಕಿ ಒಂಬತ್ತು ಕಡೆಗೂ ಒಂದೊಂದು ಪ್ರತಿ ಕಳಿಸುತ್ತದೆ. ಆ ಕಡೆಯದೊಂದು ಕೆಟ್ಟು ಮಲಗಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಾಗಿಲು ತಟ್ಟುತ್ತದೆ. ನಾಳೆ ನನ್ನ ಸರ್ವರೇ ಸುಟ್ಟುಹೋದರೂ ತೀರ್ಥಹಳ್ಳಿಯ ಮಳೆ ಒಂಬತ್ತು ಊರುಗಳಲ್ಲಿ ದಾಖಲಾಗಿರುತ್ತದೆ. ನನ್ನ ಸರ್ವರ್ ಬೇಡ ಅನ್ನಿಸಿದವರು ಇನ್ನೊಂದಕ್ಕೆ ಹೋಗಬಹುದು, ನಂಬರ್ ಬದಲಾಯಿಸದೆ ಸಿಮ್ ಕಂಪನಿ ಬದಲಾಯಿಸುತ್ತೀರಲ್ಲ, ಹೆಚ್ಚುಕಡಿಮೆ ಹಾಗೆ. ಹೆಚ್ಚುಕಡಿಮೆ ಅಂದದ್ದು ಯಾಕೆಂದರೆ ಇಲ್ಲಿ ವಿಳಾಸ ಬದಲಾಗುತ್ತದೆ. ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟುಗಳು ಬರುವುದಿಲ್ಲ. ಇದು ಕೊರತೆಯೇ, ಮುಚ್ಚಿಡುವುದಿಲ್ಲ.

ಹಾಗಾದರೆ ಜನ ಯಾಕೆ ಬರಲಿಲ್ಲ? ಬಂದಿದ್ದರು. 2019ರಲ್ಲಿ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿತು. ನಾಜಿ ಜರ್ಮನಿಯಲ್ಲಿ ಎಲ್ಲರೂ ಕೈ ಮುಂದೆ ಚಾಚಿ ಸೆಲ್ಯೂಟ್ ಹೊಡೆಯುವಾಗ ಒಬ್ಬ ಮಾತ್ರ ಕೈ ಕಟ್ಟಿ ನಿಂತ 1936ರ ಫೋಟೊ ಅವರ ಖಾತೆಯಲ್ಲಿತ್ತು, ಅದೇ ನೆಪವಾಯಿತು. ಆ ನವೆಂಬರ್‌ನಲ್ಲಿ ಭಾರತದ ಎಷ್ಟೋ ಜನ ಮಾಸ್ಟೊಡಾನ್‌ಗೆ ಗುಳೆ ಹೊರಟರು. 2022ರಲ್ಲಿ ಇಲಾನ್ ಮಸ್ಕ್ 4400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡಾಗ ಇನ್ನೂ ದೊಡ್ಡ ಗುಳೆ. ಎರಡೂ ಸಲ ಬಂದವರಲ್ಲಿ ಬಹಳ ಜನ ವಾಪಸು ಹೋದರು. ಬಾಗಿಲಲ್ಲೇ ‘ಯಾವ ಸರ್ವರ್?’ ಅಂತ ಕೇಳಿದರೆ ಹೊಸಬರಿಗೆ ಏನು ಗೊತ್ತಾಗಬೇಕು? ಒಳಗೆ ಬಂದರೆ ಪರಿಚಯದ ಒಂದು ಮುಖವೂ ಇಲ್ಲ. ತಂತ್ರಜ್ಞರಾದ ನಾವು ಕೋಡ್ ಬರೆದು ಮನೆ ಕಟ್ಟಿದೆವು ಅಂದುಕೊಂಡೆವು. ಬಂದವರಿಗೆ ಚಾಪೆ ಹಾಸಿ, ನೀರು ಕೊಟ್ಟು, ಯಾರು ಎತ್ತ ಅಂತ ಪರಿಚಯ ಮಾಡಿಸುವ ಕೆಲಸಕ್ಕೆ ಯಾರನ್ನೂ ನೇಮಿಸಲಿಲ್ಲ.

ಹೀಗೆ ಒಂದೇ ನಿಯಮದಲ್ಲಿ ಮಾತಾಡುವ ಸರ್ವರ್‌ಗಳ ಜಾಲಕ್ಕೆ ಇಂಗ್ಲಿಷಿನಲ್ಲಿ ಫೆಡಿವರ್ಸ್ ಅಂತ ಹೊಸ ಪದ ಟಂಕಿಸಿದ್ದಾರೆ. ನಮಗೆ ಟಂಕಿಸುವ ತಾಪತ್ರಯವಿಲ್ಲ, ಒಕ್ಕೂಟ ಎನ್ನುವ ಪದ ಹಾಲಿನ ಪ್ಯಾಕೆಟ್ಟಿನ ಮೇಲೇ ಇದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದವರಿಗೆ ಗೊತ್ತು: ಕ್ಯಾನು, ಫ್ಯಾಟ್ ನೋಡುವ ಮಿಷನ್ನು, ಆ ಮಿಷನ್ನಿನ ಮೇಲೆ ಯಾರಿಗೂ ಇಲ್ಲದ ನಂಬಿಕೆ, ಎಲ್ಲರ ಬಯ್ಗುಳ ತಿನ್ನುವ ಕಾರ್ಯದರ್ಶಿ. ಊರಿನ ಸಂಘ ಊರಿನವರದೇ. ಸಂಘಗಳು ಸೇರಿ ಜಿಲ್ಲೆಯ ಹಾಲು ಒಕ್ಕೂಟ. ಗದಗ ಹತ್ತಿರದ ಕಣಗಿನಹಾಳದವರು ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ. ಒಟ್ಟಾಗಿ ಲೆಕ್ಕ ಇಡುವುದು, ಒಟ್ಟಾಗಿ ಜಗಳಾಡುವುದು, ಎರಡನ್ನೂ ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹೋಲಿಕೆಯನ್ನು ತೀರಾ ಎಳೆಯಲಾರೆ. ಹಾಲು ಮೇಲಕ್ಕೆ ಹೋಗಿ ನಂದಿನಿ ಎಂಬ ಒಂದೇ ಹೆಸರಲ್ಲಿ ಹೊರಬರುತ್ತದೆ, ಮಾತಿನ ಒಕ್ಕೂಟಕ್ಕೆ ಅಂಥ ಮೇಲೊಂದು ಇಲ್ಲ. ನಾನು ಎತ್ತಿಕೊಳ್ಳುವುದು ಊರಿನ ಸಂಘವನ್ನು ಮಾತ್ರ. ಸೋಷಿಯಲ್ ಡಾಟ್ ಕೋಆಪ್ ಎಂಬ ಮಾಸ್ಟೊಡಾನ್ ಸರ್ವರ್ 2017ರಿಂದ ಹಾಗೇ ನಡೆಯುತ್ತಿದೆ: ಸದಸ್ಯರೇ ವಂತಿಗೆ ಹಾಕುತ್ತಾರೆ, ಸದಸ್ಯರೇ ಮತ ಹಾಕಿ ತೀರ್ಮಾನಿಸುತ್ತಾರೆ.

ಕಾರ್ಯದರ್ಶಿಯ ಪಾಡನ್ನು ನನ್ನ ಅನುಭವದಿಂದ ಹೇಳುತ್ತೇನೆ. ಶುರುವಾದ ಮೂರನೇ ತಿಂಗಳು, ರಾತ್ರಿ ಹನ್ನೊಂದಕ್ಕೆ ಸರ್ವರ್ ನಿಂತಿತು. ಡಿಸ್ಕ್ ಭರ್ತಿ. ನಮ್ಮ ನಲವತ್ತು ಜನ ಬರೆದದ್ದರಿಂದಲ್ಲ. ಅವರು ಫಾಲೋ ಮಾಡುತ್ತಿದ್ದ ದೂರದೂರಿನವರ ಫೋಟೊಗಳ ಪ್ರತಿಗಳೆಲ್ಲ ನಮ್ಮಲ್ಲಿ ಬಂದು ಬಿದ್ದಿದ್ದವು. ಯಾರದೋ ಬೆಕ್ಕುಗಳಿಂದ ನಮ್ಮ ಡೇಟಾಬೇಸ್ ಕುಸಿದಿತ್ತು. ವಾರಕ್ಕೊಮ್ಮೆ ಹಳೆಯ ಪ್ರತಿಗಳನ್ನು ಅಳಿಸುವ ಒಂದು ಸಾಲಿನ ಆದೇಶ ಹಾಕಿಡಬೇಕಿತ್ತು, ನಾನು ಹಾಕಿರಲಿಲ್ಲ.

ಡಿಸ್ಕ್ ಸಮಸ್ಯೆ ಒಂದು ರಾತ್ರಿಯದು, ಜನರದ್ದು ದಿನಾಲೂ ಇದ್ದದ್ದೇ. ಒಬ್ಬರು ದೂರು ಕೊಟ್ಟರು: ‘ನನಗೆ ಇವನು ಸ್ವಾಮಿ ಅಂದ.’ ದೂರು ನೋಡಿ ತೀರ್ಮಾನಿಸುವ ಮಾಡರೇಟರ್ ಬೇರೆ ದೇಶದವರಾದರೆ ಅವರಿಗೆ ಇದು ಗೌರವ. ಅನುವಾದ ಯಂತ್ರಕ್ಕಂತೂ ದೇವರ ಸ್ಮರಣೆ. ಆದರೆ ‘ಆಯ್ತು ಸ್ವಾಮಿ, ನೀವೇ ಬುದ್ಧಿವಂತರು’ ಎಂದಾಗ ಎಷ್ಟು ಉರಿಯುತ್ತದೆ ಅಂತ ನಿಮಗೆ ನಾನು ಹೇಳಬೇಕೇ? ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡದ ಬಯ್ಗುಳ, ಜಾತಿಯನ್ನು ಊಟದ ಮಾತಿನಲ್ಲಿ ಸುತ್ತಿ ಹೇಳುವ ಚುಚ್ಚು, ಇವೆಲ್ಲ ಕನ್ನಡದಲ್ಲಿ ಬದುಕಿದವರಿಗೆ ಮಾತ್ರ ಕಾಣುತ್ತವೆ. ಕನ್ನಡಿಗರು ನೋಡಿಕೊಳ್ಳುವ ಸರ್ವರ್ ಬೇಕು ಎಂದು ನಾನು ಹಟ ಹಿಡಿಯುವುದು ಅಭಿಮಾನಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ.

ಮುಕ್ತ ನಿಯಮ ಇದ್ದಮಾತ್ರಕ್ಕೆ ಎಲ್ಲ ಸುಭದ್ರ ಅಂದುಕೊಳ್ಳಬೇಡಿ. ಗೂಗಲ್‌ನ ಚಾಟ್ ಸೇವೆಯಾಗಿದ್ದ ಗೂಗಲ್ ಟಾಕ್ ಒಂದು ಕಾಲಕ್ಕೆ ಎಕ್ಸ್‌ಎಂಪಿಪಿ ಎಂಬ ಮುಕ್ತ ನಿಯಮದಲ್ಲಿ ಹೊರಗಿನ ಸರ್ವರ್‌ಗಳ ಜೊತೆ ಮಾತಾಡುತ್ತಿತ್ತು. 2013ರಲ್ಲಿ ಅದರ ಜಾಗಕ್ಕೆ ಗೂಗಲ್‌ನದೇ ಹ್ಯಾಂಗೌಟ್ಸ್ ಬಂದಾಗ ಆ ಕಿಟಕಿ ಮುಚ್ಚತೊಡಗಿತು. ಈಗ ಫೇಸ್‌ಬುಕ್ ಒಡೆತನದ ಕಂಪನಿ ಮೆಟಾದ ಥ್ರೆಡ್ಸ್ ಎಂಬ ಜಾಲ ಆಕ್ಟಿವಿಟಿಪಬ್ ಕಿಟಕಿಯನ್ನು ಅರ್ಧ ತೆರೆದಿದೆ. ಕೆಲವು ಸರ್ವರ್‌ಗಳು ಸ್ವಾಗತ ಎಂದವು, ಕೆಲವು ಆಗಲೇ ಚಿಲಕ ಹಾಕಿಕೊಂಡವು. ನಮ್ಮ ನಲವತ್ತು ಜನ ಮತ ಹಾಕಿದೆವು, ತೆರೆದಿಡೋಣ ಅನ್ನುವವರು ನಾಲ್ಕು ಮತಗಳಿಂದ ಗೆದ್ದರು. ನಾನು ಸೋತ ಕಡೆಯವನು.

ಸದ್ಯ ನಮ್ಮ ಖರ್ಚು ವಂತಿಗೆಯಲ್ಲಿ ನಡೆಯುತ್ತಿದೆ. ಡೊಮೈನ್, ಅಂದರೆ ಸರ್ವರಿನ ವೆಬ್ ವಿಳಾಸದ ಪಾಸ್‌ವರ್ಡ್ ಮಾತ್ರ ಇನ್ನೂ ನನ್ನೊಬ್ಬನ ಬಳಿಯೇ ಇದೆ. ಇಷ್ಟು ಹೊತ್ತು ಬೀಗದ ಕೈ ಬಗ್ಗೆ ಮಾತಾಡಿದವನಿಗೆ ಇದು ಶೋಭೆಯಲ್ಲ, ಗೊತ್ತು. ಹಾಗಾಗಿ ಇಬ್ಬರು ಬೇಕು. ಒಬ್ಬರು ಸರ್ವರ್ ನಡೆಸುವ ತಂತ್ರಾಂಶ ಲಿನಕ್ಸ್ ಬಲ್ಲವರು, ಇನ್ನೊಬ್ಬರು ಕನ್ನಡದ ವ್ಯಂಗ್ಯ ಬಲ್ಲವರು. ಎರಡನೆಯವರು ರಾತ್ರಿ ಹತ್ತರ ಮೇಲೂ ಎಚ್ಚರ ಇರುವವರಾದರೆ ಒಳ್ಳೆಯದು, ದೂರುಗಳು ಬರುವುದು ಆಗಲೇ. ಚಹಾ ಹೊರಗಿಟ್ಟಿದ್ದಾರೆ, ನಾನು ಆ ಮೇಜಿನ ಹತ್ತಿರವೇ ಇರುತ್ತೇನೆ.