ಒಂದೇ ನೆನಪು, ಎರಡು ನೀತಿ: ದೇಶದ ಗುರುತು ವಿದೇಶಾಂಗ ನೀತಿಯನ್ನು ಹೇಗೆ ರೂಪಿಸುತ್ತದೆ?

[ತೆರೆಯ ಮೇಲೆ: ಬೀಲೆಫೆಲ್ಡ್, ಜರ್ಮನಿ. 13 ಮೇ 1999]

ಗ್ರೀನ್ ಪಕ್ಷದ ಸಮಾವೇಶ. ಕೆಂಪು ಬಣ್ಣ ತುಂಬಿದ ಚೀಲವೊಂದು ಅದೇ ಪಕ್ಷದ ವಿದೇಶಾಂಗ ಸಚಿವ ಯೋಷ್ಕಾ ಫಿಷರ್ ಅವರ ಕಿವಿಗೆ ಬಡಿಯಿತು. ಕಿವಿಯ ತಮಟೆಗೆ ಪೆಟ್ಟಾದರೂ ಅವರು ಭಾಷಣ ಬಿಡಲಿಲ್ಲ.

ಸಿಟ್ಟಿಗೆ ಕಾರಣ ಕೊಸೊವೊ, ಯುಗೊಸ್ಲಾವಿಯದ ಒಂದು ಪ್ರಾಂತ್ಯ. ಅಲ್ಲಿನ ಅಲ್ಬೇನಿಯನ್ನರನ್ನು ಸರ್ಬ್ ಪಡೆಗಳು ಹೊರಗಟ್ಟುತ್ತಿದ್ದವು. ಆ ಮಾರ್ಚ್‌ನಲ್ಲಿ ಪಾಶ್ಚಾತ್ಯ ಸೇನಾಕೂಟ ನ್ಯಾಟೋ ಜೊತೆ ಜರ್ಮನಿಯ ಟೊರ್ನಾಡೋ ಯುದ್ಧವಿಮಾನಗಳೂ ಯುಗೊಸ್ಲಾವಿಯದ ಮೇಲೆ ದಾಳಿಗೆ ಹಾರಿದ್ದವು. 1945ರ ನಂತರ ಜರ್ಮನ್ ಸೇನೆ ಯುದ್ಧಕ್ಕೆ ಇಳಿದದ್ದು ಅದೇ ಮೊದಲು.

"ಇನ್ನೆಂದೂ ಯುದ್ಧ ಬೇಡ" ಎಂದು ವಿರೋಧಿಗಳು ಕೂಗಿದರು. ಫಿಷರ್ ಅದನ್ನು ಒಪ್ಪಿದರು, ಜೊತೆಗೆ "ಇನ್ನೆಂದೂ ಆಶ್ವಿಟ್ಜ್ ಬೇಡ, ಇನ್ನೆಂದೂ ನರಮೇಧ ಬೇಡ" ಎಂದರು. ಆಶ್ವಿಟ್ಜ್ ಎಂದರೆ ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ಶಿಬಿರ. ಎರಡೂ ಮಾತು ಹುಟ್ಟಿದ್ದು ನಾಜಿ ಕಾಲದ ನೆನಪಿನಿಂದಲೇ. ಗಮನಿಸಿ, ಗುರುತು, ಅಂದರೆ ದೇಶ ತನ್ನನ್ನು ತಾನು ಕಾಣುವ ಬಗೆ, ತಾನಾಗಿ ತೀರ್ಮಾನ ಕೊಡುವುದಿಲ್ಲ. ಯಾವ ಮಾತಿನಲ್ಲಿ ವಾದಿಸಿದರೆ ಜನ ಕಿವಿಗೊಡುತ್ತಾರೆ ಎಂಬುದನ್ನು ಅದು ಗೊತ್ತುಮಾಡುತ್ತದೆ.

[ತೆರೆಯ ಮೇಲೆ: 1991 – 1994 – 2022]

ಬರೀ ಮಾತಾಗಿದ್ದರೆ ಇದು ಇಷ್ಟು ಬಾಳುತ್ತಿರಲಿಲ್ಲ. ಗುರುತು ಕಾನೂನಿಗೂ ಬಜೆಟ್ಟಿಗೂ ಇಳಿಯುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಜರ್ಮನಿ ಕಾದಾಡಲು ಸೈನಿಕರನ್ನು ಕಳಿಸದೆ ಸಾವಿರ ಕೋಟಿಗೂ ಹೆಚ್ಚು ಮಾರ್ಕ್ (ಆಗಿನ ಜರ್ಮನ್ ಹಣ) ಕೊಟ್ಟಿತು. ಹೊರದೇಶದ ಸಶಸ್ತ್ರ ಕಾರ್ಯಾಚರಣೆಗೆ ಸಂಸತ್ತಿನ ಒಪ್ಪಿಗೆ ಬೇಕೇಬೇಕು ಎಂದು ಸಂವಿಧಾನ ನ್ಯಾಯಾಲಯ 1994ರಲ್ಲಿ ತೀರ್ಪಿತ್ತಿತು. ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಮೂರು ದಿನಗಳ ನಂತರ, 27 ಫೆಬ್ರವರಿ 2022ರಂದು, ಜರ್ಮನ್ ಸರ್ಕಾರದ ಆಗಿನ ಮುಖ್ಯಸ್ಥ, ಚಾನ್ಸಲರ್ ಶೋಲ್ಜ್ ಸೇನೆಗೆ 10,000 ಕೋಟಿ ಯೂರೋ ನಿಧಿ ಘೋಷಿಸಿದರು. ಅದಕ್ಕಾಗಿ ಸಂವಿಧಾನವನ್ನೇ ತಿದ್ದಬೇಕಾಯಿತು.

ಹಾಗಾದರೆ ಒಂದು ನೀತಿಯಲ್ಲಿ ಗುರುತಿನ ಜೊತೆ ಬರುವ ಸಿದ್ಧಾಂತ ಎಷ್ಟು, ಸ್ವಹಿತ ಎಷ್ಟು ಎಂದು ಅಳೆಯುವುದು ಹೇಗೆ? ಭಾಷಣಗಳನ್ನಷ್ಟೇ ಓದಿದರೆ ಮೋಸ ಹೋಗುತ್ತೀರಿ. ಎರಡೂ ಬೇರೆಬೇರೆ ದಿಕ್ಕಿಗೆ ಎಳೆಯುವ ಸಂದರ್ಭ ಹುಡುಕಿ. ಅಲ್ಲಿ ದೇಶ ಏನನ್ನು ಕಳೆದುಕೊಳ್ಳಲು ಒಪ್ಪಿತು ಎಂದು ನೋಡಿ. 1939ರ ಆಗಸ್ಟ್‌ನಲ್ಲಿ, ಸಿದ್ಧಾಂತದಲ್ಲಿ ಬದ್ಧವೈರಿಗಳಾಗಿದ್ದ ನಾಜಿ ಜರ್ಮನಿ ಮತ್ತು ಕಮ್ಯುನಿಸ್ಟ್ ಸೋವಿಯತ್ ಒಕ್ಕೂಟ ಅನಾಕ್ರಮಣ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿ ಸಿದ್ಧಾಂತ ಪಕ್ಕಕ್ಕೆ ಸರಿಯಿತು.

ಸಿದ್ಧಾಂತ ಒಂದೇ ಇದ್ದರೆ ಸ್ನೇಹ ಇರುತ್ತದೆ ಎಂಬ ಲೆಕ್ಕವೂ ತಪ್ಪು. 1969ರಲ್ಲಿ ಗಡಿಯ ಉಸ್ಸೂರಿ ನದಿಯ ದ್ವೀಪವೊಂದಕ್ಕಾಗಿ ಚೀನಾ, ಸೋವಿಯತ್ ಸೈನಿಕರು ಗುಂಡು ಹಾರಿಸಿಕೊಂಡರು. ನಿಜವಾದ ಕಮ್ಯುನಿಸಂ ಯಾರದು ಎಂಬ ಜಗಳ ಅವರ ನಡುವೆ ಆಗಲೇ ವರ್ಷಗಟ್ಟಲೆ ನಡೆದಿತ್ತು.

[ತೆರೆಯ ಮೇಲೆ: ಬೀಜಿಂಗ್, ಫೆಬ್ರವರಿ 1972]

ಆ ಬಿರುಕನ್ನು ಬಳಸಿಕೊಂಡು ಚೀನಾದ ನಾಯಕ ಮಾವೊ ಅವರನ್ನು ಭೇಟಿಯಾಗಲು ಹೋದವರು ಅಮೆರಿಕದ ಆಗಿನ ಅಧ್ಯಕ್ಷ ನಿಕ್ಸನ್. ಕಮ್ಯುನಿಸಂನ ಕಡುವಿರೋಧಿ ಎಂದು ಅವರು ಗಳಿಸಿದ್ದ ಹೆಸರೇ ಅಲ್ಲಿ ಕೆಲಸಕ್ಕೆ ಬಂತು. ಅವರು ಕಮ್ಯುನಿಸ್ಟರಿಗೆ ಮೆತ್ತಗಾದರು ಎಂದು ಸ್ವದೇಶದಲ್ಲಿ ದೂರುವುದು ಸುಲಭವಿರಲಿಲ್ಲ.